ತೋಟ ಮಾಡುವವರ ಬರಹದಲ್ಲಿ ಅವರದೇ ದನಿ ಕೇಳಿಸಬೇಕಾದರೆ

ಪ್ರಶ್ನೆ: ನಾನು ಮತ್ತು ನನ್ನ ಪತಿ 9 ವರ್ಷಗಳಿಂದ ಬೆಂಗಳೂರಿನಲ್ಲಿ ಮನೆಗಳಿಗೂ ಅಪಾರ್ಟ್‌ಮೆಂಟ್‌ಗಳಿಗೂ ತೋಟ ಮಾಡಿಕೊಡುವ ಸಣ್ಣ ಸಂಸ್ಥೆಯೊಂದನ್ನು ನಡೆಸುತ್ತಿದ್ದೇವೆ. ಕಳೆದ ವರ್ಷದಿಂದ ನಮ್ಮ ಕೆಲಸದ ಬಗ್ಗೆ ಬರೆದು ಗ್ರಾಹಕರಿಗೆ ಕಳುಹಿಸುತ್ತಿದ್ದೇವೆ. ಯಾರೂ ಓದುತ್ತಿರುವಂತೆ ಕಾಣುವುದಿಲ್ಲ. "ನಿಮ್ಮ ಬರಹದಲ್ಲಿ ನೀವೇ ಇಲ್ಲವಲ್ಲ" ಎಂದು ಹಳೆಯ ಗ್ರಾಹಕರೊಬ್ಬರು ಹೇಳಿದರು. ನಮ್ಮತನ ತರಲು ಹೋದರೆ ವ್ಯವಹಾರದ ಗಾಂಭೀರ್ಯ ಹೋಗಿಬಿಡುತ್ತದೆಯೇ ಎಂಬ ಅಳುಕು ನಮಗಿದೆ. ಸ್ವಂತ ವಿಷಯ ಎಷ್ಟು ಬರೆಯಬೇಕು? ದರ ಹೇಳಬಹುದೇ? ಕನ್ನಡದಲ್ಲಿ ಬರೆಯಬೇಕೇ, ಇಂಗ್ಲಿಷಿನಲ್ಲಿ ಬರೆಯಬೇಕೇ? ಹೋದ ವಾರವಷ್ಟೇ ಒಬ್ಬರು ಟೆರೇಸ್ ಮೇಲೆ ಒಂದಡಿ ಮಣ್ಣು ಹಾಕಿ ಲಾನ್ ಮಾಡಿಕೊಡಿ ಎಂದರು. ನಾವು ಒಪ್ಪಲಿಲ್ಲ, ಅವರಿಗೆ ಬೇಸರವಾಯಿತು. ಇಂಥ ಒತ್ತಡಗಳ ನಡುವೆ ಬರೆಯಲು ಸಮಯವೂ ಸಿಗುವುದಿಲ್ಲ. ನಮ್ಮ 3 ಬರಹಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ನೀವು ಕಳುಹಿಸಿದ ಮೂರೂ ಬರಹಗಳನ್ನು ಓದಿದೆ. ಮೊದಲನೆಯದು ಹೀಗೆ ಆರಂಭವಾಗುತ್ತದೆ: "ಹಸಿರೇ ಉಸಿರು ಎಂಬಂತೆ ನಿಮ್ಮ ಕನಸಿನ ಮನೆಗೆ ಪ್ರಕೃತಿಯ ಸ್ಪರ್ಶ ನೀಡುವುದೇ ನಮ್ಮ ಧ್ಯೇಯವಾಗಿದ್ದು, ಅತ್ಯುತ್ತಮ ಗುಣಮಟ್ಟದ ಉದ್ಯಾನ ವಿನ್ಯಾಸ ಸೇವೆಗಳನ್ನು ಒದಗಿಸಲಾಗುತ್ತದೆ." ಇದರಲ್ಲಿ ವ್ಯಾಕರಣದ ತಪ್ಪಿಲ್ಲ, ಸುಳ್ಳೂ ಇಲ್ಲ. ಆದರೆ ಬೀದರಿನಿಂದ ಚಾಮರಾಜನಗರದವರೆಗಿನ ಯಾವ ನರ್ಸರಿಯವರು ಬೇಕಾದರೂ ಈ ವಾಕ್ಯದ ಕೆಳಗೆ ತಮ್ಮ ಹೆಸರು ಬರೆದುಕೊಳ್ಳಬಹುದು. ನಿಮ್ಮ ಸಂಸ್ಥೆಯ ಹೆಸರನ್ನು ತೆಗೆದು ಬೇರೆಯವರ ಹೆಸರನ್ನು ಹಾಕಿದರೂ ಬರಹಕ್ಕೆ ಏನೂ ಆಗದಿದ್ದರೆ ಅದು ಇನ್ನೂ ನಿಮ್ಮದಾಗಿಲ್ಲವೆಂದೇ ತಿಳಿಯಿರಿ. ನಿಮ್ಮ ಹಳೆಯ ಗ್ರಾಹಕರು ಹೇಳಿದ್ದೂ ಇದನ್ನೇ.

ಸೋಜಿಗವೆಂದರೆ, ನನಗೆ ಬರೆದ ಪ್ರಶ್ನೆಯಲ್ಲಿ ನೀವು ಇದ್ದೀರಿ. ಒಂದಡಿ ಮಣ್ಣಿನ ಲಾನ್ ಬೇಕೆಂದವರಿಗೆ ಆಗುವುದಿಲ್ಲ ಎಂದ ಸಂಗತಿಯನ್ನು ಒಂದೂವರೆ ಸಾಲಿನಲ್ಲಿ ಹೇಳಿ, ಸಮಯದ ಅಭಾವಕ್ಕೆ ಅದನ್ನೊಂದು ನೆಪ ಮಾಡಿ ಮುಂದೆ ಹೋಗಿದ್ದೀರಿ. ನಾನು ನಿಮ್ಮ ಗ್ರಾಹಕನಾಗಿದ್ದರೆ ಮೂರು ಬರಹಗಳನ್ನೂ ಪಕ್ಕಕ್ಕಿಟ್ಟು ಆ ಒಂದೂವರೆ ಸಾಲನ್ನು ಓದುತ್ತಿದ್ದೆ. ಏಕೆ ಒಪ್ಪಲಿಲ್ಲ, ಬದಲಿಗೆ ಏನು ಹೇಳಿದಿರಿ, ಕೈಗೆ ಬಂದ ಕೆಲಸ ಬಿಟ್ಟಾಗ ಮನೆಯಲ್ಲಿ ಏನು ಮಾತಾಯಿತು ಎಂಬುದೆಲ್ಲ ತಿಳಿಯಬೇಕೆನಿಸುತ್ತಿತ್ತು. ಮೈಸೂರಿನಲ್ಲಿ 20 ವರ್ಷ ತೋಟದ ಕೆಲಸ ಮಾಡಿ, ಅನಂತರ ಇಂಥ ಉದ್ಯಮಗಳವರ ಬರಹಗಳನ್ನು ತಿದ್ದುತ್ತಾ ಬಂದಿರುವ ನನಗೆ ಖಚಿತವಾಗಿರುವುದು ಒಂದೇ ಸಂಗತಿ: ಬರಹಗಾರರ ದನಿ ಅವರ ತೀರ್ಮಾನಗಳಲ್ಲಿ ಇರುತ್ತದೆ. ಜಾಗಕ್ಕೆ ಹೋಗಿ ನೋಡಿ, ಇದಾಗುತ್ತದೆ, ಅದಾಗುವುದಿಲ್ಲ ಎಂದು ನೀವು ಹೇಳುವ ಕ್ಷಣದಲ್ಲಿ ನಿಮ್ಮ 9 ವರ್ಷಗಳ ಅನುಭವವೆಲ್ಲ ಮಾತಾಡುತ್ತದೆ. ಆ ಕ್ಷಣವನ್ನು ಕಾರಣಸಮೇತ ಬರೆದರೆ ದನಿ ತಾನಾಗಿ ಬರುತ್ತದೆ. ಆ ಕ್ಷಣವನ್ನು ಬಿಟ್ಟು ಎಷ್ಟೇ ಆತ್ಮೀಯ ಪದಗಳನ್ನು ಸೇರಿಸಿದರೂ ಅದು ಮದುವೆ ಮನೆಯ ಬಾಗಿಲಲ್ಲಿ ಎಲ್ಲರಿಗೂ ಒಂದೇ ಸಮನೆ ಪನ್ನೀರು ಚಿಮುಕಿಸಿದಂತಾಗುತ್ತದೆ.

ಟೆರೇಸಿನ ಸಂಗತಿಯನ್ನೇ ಮುಂದುವರಿಸೋಣ. ನೀವು ಒಪ್ಪದಿರಲು ಕಾರಣ ಭಾರವೆಂದು ಭಾವಿಸುತ್ತೇನೆ. ಅದನ್ನು "ಸುರಕ್ಷತೆಯ ದೃಷ್ಟಿಯಿಂದ ಸೂಕ್ತವಲ್ಲ" ಎಂದು ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. ಲೆಕ್ಕವನ್ನು ಅವರ ಮುಂದೆಯೇ ಬಿಡಿಸಿಡಿ. ನೀರು ಕುಡಿದ ತೋಟದ ಮಣ್ಣು ಒಂದು ಘನ ಮೀಟರಿಗೆ ಸುಮಾರು 1,600ರಿಂದ 2,000 ಕಿಲೋ ತೂಗುತ್ತದೆ. ನಡುವಿನ 1,800 ಎಂದು ಹಿಡಿದರೆ, ಒಂದಡಿ ಮಣ್ಣು ಹರಡಿದಾಗ ಪ್ರತಿ ಚದರ ಮೀಟರಿನ ಮೇಲೆ ಸುಮಾರು 550 ಕಿಲೋದಷ್ಟು ಭಾರ ಬೀಳುತ್ತದೆ. ಜನ ಹತ್ತಿ ಓಡಾಡುವ ಸಮತಟ್ಟಾದ ಛಾವಣಿಗೆ, ಕಟ್ಟಡಗಳ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನಕ 875ರ (IS 875) ಎರಡನೆಯ ಭಾಗವು ಗೊತ್ತುಪಡಿಸಿರುವ ಬಳಕೆಯ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ ಮಾತ್ರ. ಮಣ್ಣು ಬಂದು ಹೋಗುವ ಜನರಂತಲ್ಲ, ಹಗಲೂ ರಾತ್ರಿ ಅಲ್ಲೇ ಕುಳಿತಿರುತ್ತದೆ. ಆದ್ದರಿಂದ ಮನೆ ಕಟ್ಟುವಾಗಲೇ ಎಂಜಿನಿಯರ್ ಅದನ್ನು ಲೆಕ್ಕಕ್ಕೆ ಹಿಡಿದಿರಬೇಕು. ಇಷ್ಟನ್ನು ಹೇಳಿದ ಮೇಲೆ ನಿಮ್ಮ ಮಾತು ಬರಲಿ. ಉದಾಹರಣೆಗೆ:

"ಅವರು ಬೆರಳಿನಿಂದ ಗಾಳಿಯಲ್ಲಿ ಅಳತೆ ತೋರಿಸಿ, ಒಂದಡಿ ತಾನೇ, ಎಂದರು. ನನ್ನ ಪತಿ ಟೆರೇಸಿನ ಮೂಲೆಯಲ್ಲಿದ್ದ ಸಿಮೆಂಟ್ ಮೂಟೆಯನ್ನು ತೋರಿಸಿ, ಒಂದು ಮೂಟೆ 50 ಕಿಲೋ, ನೀವು ಕೇಳುತ್ತಿರುವುದು ಈ ಟೆರೇಸಿನ ಒಂದೊಂದು ಚದರ ಮೀಟರಿಗೂ ಇಂಥ ಹತ್ತಕ್ಕಿಂತ ಹೆಚ್ಚು ಮೂಟೆ ಪೇರಿಸಿ ವರ್ಷಗಟ್ಟಲೆ ಬಿಡಿ ಎಂದು, ಅಂದರು. ಆ ಕೆಲಸ ನಮ್ಮ ಕೈತಪ್ಪಿತು. ತೆಂಗಿನ ನಾರಿನ ಪುಡಿ ಬೆರೆಸಿದ ಹಗುರ ಮಣ್ಣಿನ ಕುಂಡಗಳನ್ನು ತೊಲೆಗಳ ಮೇಲೆ ಬರುವಂತೆ ಗೋಡೆಯಂಚಿಗೆ ಜೋಡಿಸಿಕೊಡುತ್ತೇವೆ ಎಂದಿದ್ದೆವು. ಅವರು ಯೋಚಿಸುತ್ತೇವೆ ಎಂದರು."

ಇದನ್ನು ನಿಮ್ಮ ಬಾಯಿಂದ ನಾನು ಕಲ್ಪಿಸಿ ಬರೆದೆ. ನಡೆದದ್ದು ಬೇರೆಯಿದ್ದರೆ ನಡೆದದ್ದನ್ನೇ ಬರೆಯಿರಿ. ಗಮನಿಸಬೇಕಾದದ್ದೇನೆಂದರೆ, ಇಲ್ಲಿ "ನಾವು ಪ್ರಾಮಾಣಿಕರು" ಎಂಬ ಮಾತು ಎಲ್ಲಿಯೂ ಇಲ್ಲ. ವ್ಯವಹಾರದ ಗಾಂಭೀರ್ಯ ಹೋಗುತ್ತದೆಂಬ ನಿಮ್ಮ ಅಳುಕಿಗೂ ಇದರಲ್ಲೇ ಉತ್ತರವಿದೆ: ಸಂಖ್ಯೆ ಸರಿಯಿದ್ದು ಕಾರಣ ಸ್ಪಷ್ಟವಿದ್ದರೆ ಸಿಮೆಂಟ್ ಮೂಟೆಯ ಮಾತಿನಿಂದ ಗಾಂಭೀರ್ಯಕ್ಕೆ ಕುಂದು ಬರುವುದಿಲ್ಲ.

ನಿಮ್ಮ ಕನ್ನಡದ ಬಗ್ಗೆ ಒಂದು ಮಾತು ಹೇಳಬೇಕು. ಮೂರು ಬರಹಗಳಲ್ಲಿ "ಮಾಡಲಾಗುತ್ತದೆ", "ಒದಗಿಸಲಾಗುವುದು", "ಅಳವಡಿಸಲಾಯಿತು" ಎಂಬ ಬಗೆಯ ಕ್ರಿಯಾಪದಗಳನ್ನು ಎಣಿಸಿದೆ, 31 ಸಿಕ್ಕವು. ಇದು ಸರ್ಕಾರಿ ಸುತ್ತೋಲೆಯಿಂದ ನಮ್ಮೆಲ್ಲರ ಬರವಣಿಗೆಗೆ ಹತ್ತಿಕೊಂಡ ಅಭ್ಯಾಸ. ಗುಂಡಿ ತೋಡಿದವರು ಯಾರು, ಗಿಡ ಆರಿಸಿದವರು ಯಾರು, ತಪ್ಪಿದಾಗ ಹೊಣೆ ಯಾರದು ಎಂಬುದೆಲ್ಲ ಈ ಕ್ರಿಯಾಪದದ ಹಿಂದೆ ಅಡಗಿಹೋಗುತ್ತದೆ. "ಹನಿ ನೀರಾವರಿ ಅಳವಡಿಸಲಾಯಿತು" ಎನ್ನುವ ಬದಲು "ನಾವಿಬ್ಬರೂ ನಮ್ಮ ಮಾಲಿಯೂ ಸೇರಿ ಒಂದು ಭಾನುವಾರವಿಡೀ ಹನಿ ನೀರಾವರಿಯ ಪೈಪು ಎಳೆದೆವು" ಎಂದರೆ ಮೂರು ಜನ ಕಣ್ಣಿಗೆ ಬೀಳುತ್ತಾರೆ. ಇಬ್ಬರೂ ಸೇರಿ ಮಾಡಿದ್ದಕ್ಕೆ "ನಾವು" ಎನ್ನಿ, ನಿಮ್ಮೊಬ್ಬರ ಅಭಿಪ್ರಾಯಕ್ಕೆ "ನಾನು" ಎನ್ನಿ. ಪತಿ ಪತ್ನಿ ನಡುವೆ ಗಿಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯವಿದ್ದರೆ ಅದನ್ನೂ ಬರೆಯಬಹುದು. ಅವರು ತಾಳೆಯ ಜಾತಿಯ ಗಿಡಗಳ ಪರ, ನೀವು ಸಂಪಿಗೆಯ ಪರ ಎಂದಾದರೆ ಓದುವವರೂ ತಮ್ಮ ಪಕ್ಷ ಆರಿಸಿಕೊಂಡು ಕುಳಿತಿರುತ್ತಾರೆ.

ನಿಮ್ಮ ಎರಡನೆಯ ಬರಹ "ವಸಂತ ಬಂತು, ಗಿಡ ನೆಡುವ ಕಾಲ ಬಂತು" ಎಂದು ಮಾರ್ಚ್ ತಿಂಗಳಲ್ಲಿ ಕರೆಕೊಡುತ್ತದೆ. ಇದು ಚಳಿಗಾಲದಲ್ಲಿ ಹಿಮ ಬೀಳುವ ಯಾವುದೋ ದೇಶದ ಬರಹದಿಂದ ಬಂದದ್ದು ಎಂಬುದು ಮೇಲ್ನೋಟಕ್ಕೇ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಮಾರ್ಚ್ ಎಂದರೆ ಬಾವಿ ಬತ್ತುವ, ಟ್ಯಾಂಕರ್ ಕಾಯುವ ಕಾಲ. ಆಗ ನೆಟ್ಟ ಸಸಿ ಎರಡು ತಿಂಗಳ ಬಿಸಿಲನ್ನು ಎಳೆಯ ಬೇರಿನ ಮೇಲೆ ಎದುರಿಸಬೇಕು. ನೀವು ಸ್ವತಃ ಮಾರ್ಚಿನಲ್ಲಿ ಎಷ್ಟು ಗಿಡ ನೆಡುತ್ತೀರಿ ಎಂದು ಕೇಳಿಕೊಳ್ಳಿ. ನಮ್ಮ ಕೆಲಸದ ಪಂಚಾಂಗವೇ ಬೇರೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಹೊಲದವರು ಹೇಳುವ ಏಪ್ರಿಲ್ ಕೊನೆಯ, ಮೇ ಮೊದಲ ಮಳೆಗೆ ಗುಂಡಿ ತೋಡಿ ಬಿಸಿಲಿಗೆ ಬಿಟ್ಟು, ಜೂನ್ ಮೊದಲ ವಾರ ಕಳೆದು ಮೃಗಶಿರಾ ಹುಟ್ಟಿದ ಮೇಲೆ ಸಸಿ ಇಳಿಸುವುದು ನಮ್ಮ ಕಡೆಯ ರೂಢಿ. ಬೆಂಗಳೂರಿಗೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇನ್ನೊಂದು ಜೋರು ಮಳೆಗಾಲವಿರುವುದರಿಂದ ಎರಡನೆಯ ಅವಕಾಶವೂ ಸಿಗುತ್ತದೆ. ಅದೇ ಸಲಹೆ ಮಂಗಳೂರಿಗೆ ಒಗ್ಗುವುದಿಲ್ಲ. ಅಲ್ಲಿ ಜೂನ್, ಜುಲೈನ ಮಳೆಗೆ ಸಣ್ಣ ಸಸಿಯ ಬುಡ ಕೊಳೆಯದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಊರು ಬದಲಾದರೆ ಸುಳ್ಳಾಗುವಂಥ ಮಾತುಗಳನ್ನು ಧೈರ್ಯವಾಗಿ ಬರೆಯಿರಿ. ನೀವು ಈ ಊರಿನ ಮಣ್ಣು ಮುಟ್ಟಿದವರು ಎಂಬುದು ತಿಳಿಯುವುದೇ ಅವುಗಳಿಂದ.

ಏನು ಬರೆಯಬೇಕೆಂದು ಹೊಳೆಯದ ತಿಂಗಳಲ್ಲಿ ಬೀದಿಗೆ ಬನ್ನಿ. 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಜಿ. ಎಚ್. ಕ್ರುಂಬಿಗಲ್ ಅವರು ವರ್ಷದ ಎಲ್ಲ ಕಾಲದಲ್ಲೂ ಒಂದಲ್ಲ ಒಂದು ಮರ ಹೂ ತುಂಬಿ ನಿಂತಿರುವಂತೆ ರಸ್ತೆಬದಿಗೆ ಮರಗಳನ್ನು ಆರಿಸುವ ಪದ್ಧತಿಯನ್ನು ಇಲ್ಲಿ ನೆಲೆಗೊಳಿಸಿದರು. ನಿಮ್ಮ ಗ್ರಾಹಕರು ದಿನವೂ ಅವುಗಳ ಕೆಳಗೇ ಓಡಾಡುತ್ತಾರೆ. ವರ್ಷದ ಆರಂಭದ ತಿಂಗಳುಗಳಲ್ಲಿ ಗುಲಾಬಿ ಬಣ್ಣದ ಟಬೂಬಿಯಾ ಅರಳಿದಾಗ, "ನಮ್ಮ ಮನೆ ಮುಂದೂ ಇದು ಬೇಕು" ಎಂಬ ಫೋನು ನಿಮಗೆ ಬಂದೇ ಬರುತ್ತದೆ. 30x40 ಸೈಟಿನ ಕಾಂಪೌಂಡಿನೊಳಗೆ ಅದನ್ನು ನೆಡುವುದಕ್ಕೆ ನೀವು ಏನು ಹೇಳುತ್ತೀರಿ? ಆ ಫೋನಿಗೆ ಕೊಡುವ ಉತ್ತರವನ್ನೇ ಬರೆಯಿರಿ.

ತಪ್ಪುಗಳ ಬಗ್ಗೆ ಬರೆಯಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ನನ್ನ ಅನುಭವದಲ್ಲಿ ಗ್ರಾಹಕರು ಅತ್ಯಂತ ಗಮನವಿಟ್ಟು ಓದುವುದು ಇದನ್ನೇ. ಮೈಸೂರಿನ ಮನೆಯೊಂದರ ಹಿತ್ತಲಲ್ಲಿ ಹಳೆಯ ಮಾವಿನ ಮರವಿತ್ತು. ಅದರ ಕೆಳಗೆ ಮೆಕ್ಸಿಕನ್ ಹುಲ್ಲು ಹಾಸಿದೆ. ಮನೆಯವರ ಆಸೆಗೆ ತಲೆಬಾಗಿದೆ ಎಂದು ಹೇಳಿ ನುಣುಚಿಕೊಳ್ಳಬಹುದಿತ್ತು, ಆದರೆ ಒಪ್ಪಿದವನು ನಾನೇ. ಎರಡನೆಯ ತಿಂಗಳಿಗೆ ಹುಲ್ಲು ಪೇಲವವಾಯಿತು, ನಾಲ್ಕನೆಯ ತಿಂಗಳಿಗೆ ನೆಲ ಕಾಣಿಸಿತು, ಮಳೆ ಬಂದ ಮೇಲೆ ಪಾಚಿ ಹಿಡಿಯಿತು. ನೀರು ಸಾಲದೆಂದು ಇನ್ನಷ್ಟು ನೀರು ಬಿಡಿಸಿ ಪಾಚಿಯನ್ನು ಹೆಚ್ಚಿಸಿದ್ದೂ ನಾನೇ. ನನ್ನ ಖರ್ಚಿನಲ್ಲಿ ಮತ್ತೊಮ್ಮೆ ಹಾಸಿ, ಅದೂ ಹೋದ ಮೇಲೆ, ಅಲ್ಲಿ ಕಲ್ಲುಹಾಸು ಮಾಡಿ ಸುತ್ತಲೂ ಸಿಂಗೋನಿಯಂ ಹಬ್ಬಿಸಿದೆ. ಇದನ್ನು ನನ್ನ ಗ್ರಾಹಕರಿಗೆ ಒಂದು ಪುಟದಷ್ಟು ಬರೆದು ಕಳುಹಿಸಿದಾಗ, ದಟ್ಟ ನೆರಳಿನಲ್ಲಿ ಲಾನ್ ಬೇಕೆಂದು ಹಟ ಹಿಡಿದಿದ್ದ ಇಬ್ಬರು ತಾವಾಗಿ ಫೋನ್ ಮಾಡಿ ಯೋಜನೆ ಬದಲಿಸಿದರು. ಒಂದು ಎಚ್ಚರವಿದೆ. ತಪ್ಪಿನ ಕಥೆಯಲ್ಲಿ ಗ್ರಾಹಕರನ್ನೋ ಕೂಲಿಯವರನ್ನೋ ಹಾಸ್ಯದ ವಸ್ತುವಾಗಿಸಬಾರದು. ಮಾಲಿಯ ಒಳ್ಳೆಯ ಮಾತೊಂದನ್ನು ಬರೆಯುವುದಾದರೆ ಅವರನ್ನು ಕೇಳಿ, ಅವರ ಹೆಸರಿನಲ್ಲೇ ಬರೆಯಿರಿ. ಅವರ ಅರಿವನ್ನು ನಿಮ್ಮದೆಂದು ಬರೆದುಕೊಂಡರೆ ಮುಂದಿನ ವಾರ ಅವರ ಮುಖ ನೋಡಲು ನಿಮಗೇ ಮುಜುಗರವಾಗುತ್ತದೆ.

ಸ್ವಂತ ವಿಷಯ ಎಷ್ಟಿರಬೇಕು ಎಂಬ ಪ್ರಶ್ನೆಗೆ ನಾನು ಅನುಸರಿಸುವ ಅಳತೆ ಸರಳವಾದದ್ದು. ತೋಟದಲ್ಲಿ ನೀವು ತೆಗೆದುಕೊಂಡ ತೀರ್ಮಾನವನ್ನು ಅರ್ಥಮಾಡಿಕೊಳ್ಳಲು ಬೇಕಾದಷ್ಟೇ ಇರಲಿ. ಮೂರನೆಯ ಬರಹದಲ್ಲಿ ನಿಮ್ಮ ಅಜ್ಜಿಯ ಹಿತ್ತಲಿನ ನೆನಪು ಒಂದು ಪುಟ ತುಂಬಿದೆ, ಚೆನ್ನಾಗಿಯೂ ಇದೆ. ಆದರೆ ಕೊನೆಗೆ ಅದು ಅಪಾರ್ಟ್‌ಮೆಂಟಿನ ಕೆಲಸಕ್ಕೆ ಎಲ್ಲಿಯೂ ತಾಗುವುದಿಲ್ಲ. ಅದೇ ಅಜ್ಜಿ ಪಾತ್ರೆ ತೊಳೆದ ನೀರನ್ನು ಬಾಳೆಯ ಬುಡಕ್ಕೆ ಬಿಡುತ್ತಿದ್ದುದನ್ನು ನೋಡಿ ಬೆಳೆದ ನೀವು, ಅಡುಗೆಮನೆಯ ನೀರು ಹೋಗುವ ಕಡೆ ಬಾಳೆ, ಕೆಸು, ಕಾಬಾಳೆಗಳನ್ನು ನೆಡುವ ಯೋಚನೆ ಮಾಡಿದ್ದರೆ, ಆ ನೆನಪಿಗೆ ಎರಡು ಸಾಲು ಸಾಕು, ಎರಡು ಸಾಲು ಬೇಕೇ ಬೇಕು.

ಗ್ರಾಹಕರ ಖಾಸಗಿತನದ ವಿಷಯದಲ್ಲಿ ಇಷ್ಟು ಸಡಿಲವಾಗಿರಬೇಡಿ. ನಿಮ್ಮ ಮೊದಲ ಬರಹದ ಚಿತ್ರದಲ್ಲಿ ಮನೆಯ ನಾಮಫಲಕ ಕಾಣುತ್ತದೆ, ಕಾರಿನ ನಂಬರು ಕಾಣುತ್ತದೆ, ಜೊತೆಗೆ "ಮಾಲೀಕರು ಅಮೆರಿಕದಲ್ಲಿ ಮಕ್ಕಳ ಬಳಿ ಇರುವಾಗಲೂ ನಾವು ತೋಟ ನೋಡಿಕೊಳ್ಳುತ್ತೇವೆ" ಎಂಬ ವಾಕ್ಯವಿದೆ. ಮನೆ ಖಾಲಿಯಿದೆ ಎಂದು ಡಂಗುರ ಸಾರಿದಂತಾಯಿತಲ್ಲವೇ? ಚಿತ್ರಕ್ಕೂ ಕಥೆಗೂ ಮೊದಲೇ ಲಿಖಿತ ಒಪ್ಪಿಗೆ ಪಡೆಯಿರಿ, ಬಡಾವಣೆಯ ಹೆಸರಿನ ಬದಲು "ನಗರದ ದಕ್ಷಿಣದ ಒಂದು ಮನೆ" ಎನ್ನಿ, ಮನೆಯವರು ಊರಲ್ಲಿ ಇರುವ, ಇಲ್ಲದಿರುವ ಮಾತನ್ನೇ ಎತ್ತಬೇಡಿ.

ದರದ ಬಗ್ಗೆ ಬರೆಯಬಹುದು, ಬರೆಯಬೇಕು. ಚದರಡಿಗೆ ಇಷ್ಟು ಎಂಬ ಒಂದೇ ಅಂಕಿ ಕೊಟ್ಟರೆ ಮುಂದೆ ತಕರಾರು ನಿಮಗೇ ಬರುತ್ತದೆ. ದರ ಯಾವುದರಿಂದ ಏರುತ್ತದೆ, ಇಳಿಯುತ್ತದೆ ಎಂಬುದನ್ನು ಬಿಡಿಸಿ ಹೇಳಿ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಬಿಲ್ಲಿನಲ್ಲಿ ಕಾಣದ ಖರ್ಚನ್ನು ಹೇಳಿ, ಏಕೆಂದರೆ ಅದನ್ನು ಹೇಳುವವರು ನಮ್ಮ ವೃತ್ತಿಯಲ್ಲಿ ಕಡಿಮೆ. ಲಾನಿನ ನೀರನ್ನೇ ತೆಗೆದುಕೊಳ್ಳಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. 1,000 ಚದರಡಿಯ ಲಾನ್ ಎಂದರೆ ಸುಮಾರು 93 ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರಿನಂತೆ ಹಿಡಿದರೂ 465 ಲೀಟರ್ ಬೇಕು. ನಗರಗಳ ನೀರು ಪೂರೈಕೆಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡವನ್ನು ಇಟ್ಟುಕೊಂಡರೆ, ಆ ಲಾನ್ ಮನೆಯಲ್ಲಿ ಮೂವರು ಹೆಚ್ಚಿನ ಸದಸ್ಯರಿಗೆ ಸಮ, ಮೇಲೆ ಸ್ವಲ್ಪ ಉಳಿಯುತ್ತದೆ ಕೂಡ. ತಿಂಗಳಿಗೆ ಸುಮಾರು 14,000 ಲೀಟರ್, ಅಂದರೆ 6,000 ಲೀಟರಿನ ಎರಡು ಟ್ಯಾಂಕರ್ ಸಾಲದೆ ಮೂರನೆಯದನ್ನು ಕರೆಯಬೇಕು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿದಾಗ ನಿಮ್ಮ ಎಷ್ಟು ಲಾನುಗಳು ಒಣಗಿದವು, ನೀವು ಏನು ಮಾಡಿದಿರಿ? ಆ ಬೇಸಿಗೆಯ ಬಗ್ಗೆ ನೀವು ಒಂದು ಸಾಲನ್ನೂ ಬರೆದಿಲ್ಲ. ನಿಮ್ಮ ಮೂರೂ ಬರಹಗಳಲ್ಲಿ ನನಗೆ ಕಂಡ ದೊಡ್ಡ ಕೊರತೆ ಇದೇ.

ಗಿಡಗಳ ಹೆಸರಿನ ಬಗ್ಗೆ ಸ್ವಲ್ಪ ಹೇಳುವುದಿದೆ. ಗ್ರಾಹಕರು ಆಡುವ ಹೆಸರನ್ನೇ ಬಳಸಿ. ಅವರು "ಶೋ ಗಿಡ" ಎಂದರೆ ನೀವು "ಅಲಂಕಾರಿಕ ಸಸ್ಯ" ಎಂದು ತಿದ್ದಲು ಹೋಗಬೇಡಿ, "ಲಾನ್" ಎಂಬುದು ಈಗ ಕನ್ನಡವೇ. ಆದರೆ ಒಂದೇ ಹೆಸರು ಎರಡು ಗಿಡಕ್ಕೆ ಹತ್ತಿಕೊಂಡಿರುವ ಕಡೆ ತಡೆದು ವಿವರಿಸಿ. ಕಣಗಿಲೆ ಮತ್ತು ಹಳದಿ ಹೂವಿನ ಕಾಡು ಕಣಗಿಲೆ ಎರಡೂ ಪ್ರಾಣಕ್ಕೆ ಅಪಾಯ ತರುವಷ್ಟು ವಿಷಕಾರಿ. ದೇವಸ್ಥಾನದ ಅಂಗಳದ ದೇವಕಣಗಿಲೆ ಅಷ್ಟು ಅಪಾಯದ್ದಲ್ಲ, ಅದರ ಹಾಲು ಮೈಗೆ ತಾಗಿದರೆ ಉರಿಯುತ್ತದೆ ಅಷ್ಟೇ. ಪುಟ್ಟ ಮಕ್ಕಳಿರುವ ಮನೆಯವರು "ಕಣಗಿಲೆ ಬೇಕು" ಎಂದಾಗ ಯಾವುದೆಂದು ಕೇಳಿಕೊಳ್ಳದೆ ಸಸಿ ತರಿಸುವಂತಿಲ್ಲ. ಹಾಗೆಯೇ, ದುಬಾರಿ ವಿದೇಶಿ ಹುಲ್ಲೆಂದು ಹಲವರು ಕೇಳುವ ಬರ್ಮುಡಾ ಹುಲ್ಲಿನ ಜಾತಿ ಬೇರೇನೂ ಅಲ್ಲ, ಗಣಪತಿಗೆ ಏರಿಸುವ ನಮ್ಮ ಗರಿಕೆಯೇ. ಲಾನಿಗೆ ಹಾಕುವುದು ಅದರ ಆಯ್ದ ತಳಿ. ಇಂಥದ್ದನ್ನು ಬರೆದರೆ ಮಾರಾಟ ಕಡಿಮೆಯಾಗುತ್ತದೆಂದು ನಿಮ್ಮ ಪತಿ ಹೇಳಬಹುದು. ನನ್ನ ಮಟ್ಟಿಗೆ ಹಾಗಾಗಲಿಲ್ಲ. ಔಷಧ, ಗೊಬ್ಬರದ ಪ್ರಮಾಣವನ್ನು ಮಾತ್ರ ನೆನಪಿನಿಂದ ಬರೆಯಬೇಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅಥವಾ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದ ಸಲಹೆಯೊಂದಿಗೆ ತಾಳೆ ನೋಡಿಯೇ ಬರೆಯಿರಿ.

ಸಮಯ ಸಿಗುವುದಿಲ್ಲ ಎಂದಿರಿ. ವಾರಕ್ಕೊಂದು ಬರೆಯುವ ಶಪಥ ಬೇಡ, ತಿಂಗಳಿಗೊಂದು ಸಾಕು. ಜಾಗ ನೋಡಿ ಹೊರಡುವಾಗ ಗಾಡಿ ಹತ್ತುವ ಮೊದಲೇ ಫೋನಿನಲ್ಲಿ ಎರಡು ನಿಮಿಷ ಮಾತಾಡಿ ಧ್ವನಿ ಮುದ್ರಿಸಿಕೊಳ್ಳಿ: ಮಣ್ಣು ಹೇಗಿತ್ತು, ಬಿಸಿಲು ಯಾವ ಕಡೆಯಿಂದ, ಅವರು ಏನು ಕೇಳಿದರು, ನೀವು ಏನು ಬೇಡವೆಂದಿರಿ. ಆಂಧ್ರದ ಕಡಿಯಂ ಕಡೆಯಿಂದ ಲಾರಿಯಲ್ಲಿ ಬಂದ ಗಿಡದ ಬುಡದ ಜಿಗಟು ಮಣ್ಣಿನ ಹೆಂಟೆ ನಮ್ಮ ಕೆಮ್ಮಣ್ಣಿನೊಳಗೆ ಕಲ್ಲಿನಂತೆ ಕೂತು ನೀರನ್ನೇ ಹೀರಲಿಲ್ಲ ಎಂಬಂಥ ವಿವರ ಆ ಸಂಜೆ ನೆನಪಿರುತ್ತದೆ, ವಾರ ಕಳೆದರೆ "ಗಿಡ ಚೆನ್ನಾಗಿ ಬರಲಿಲ್ಲ" ಎಂದಷ್ಟೇ ಉಳಿಯುತ್ತದೆ. ಬರೆದಾದ ಮೇಲೆ ಪತಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು "ನೀನು ಹೀಗೆ ಮಾತಾಡುವುದಿಲ್ಲ" ಎಂದ ವಾಕ್ಯಗಳನ್ನು ಹೊಡೆದುಹಾಕಿ. ಮೊದಲ ಪ್ಯಾರಾವನ್ನು ಪೂರ್ತಿ ತೆಗೆದು ನೋಡಿ. ಹತ್ತರಲ್ಲಿ ಒಂಬತ್ತು ಸಲ ಬರಹ ಎರಡನೆಯ ಪ್ಯಾರಾದಿಂದಲೇ ಶುರುವಾಗಿರುತ್ತದೆ.

ಭಾಷೆಯ ಪ್ರಶ್ನೆಯೊಂದು ಉಳಿಯಿತು. ನಿಮ್ಮ ಅಪಾರ್ಟ್‌ಮೆಂಟ್ ಗ್ರಾಹಕರಲ್ಲಿ ಕನ್ನಡ ಓದಲಾರದವರು ಇದ್ದಾರೆಂದು ಊಹಿಸಬಲ್ಲೆ. ಆದರೂ ಮೊದಲು ಕನ್ನಡದಲ್ಲೇ ಬರೆಯಿರಿ, ಏಕೆಂದರೆ ಜಾಗದಲ್ಲಿ ನಿಂತು ನೀವು ಮಾಲಿಯೊಂದಿಗೆ, ಪತಿಯೊಂದಿಗೆ ಮಾತಾಡಿದ್ದು ಕನ್ನಡದಲ್ಲಿ. ತೀರ್ಮಾನ ಹುಟ್ಟಿದ್ದೂ ಅದರಲ್ಲೇ. ಅನಂತರ ಕನ್ನಡದ ಹಾಳೆಯನ್ನು ಮುಚ್ಚಿಟ್ಟು, ಅದೇ ಸಂಗತಿಯನ್ನು ಇಂಗ್ಲಿಷ್ ಬಲ್ಲ ಗ್ರಾಹಕರೊಬ್ಬರು ಎದುರಿಗೆ ಕುಳಿತಿದ್ದಾರೆಂದು ಭಾವಿಸಿ ಹೊಸದಾಗಿ ಹೇಳಿ. ವಾಕ್ಯಕ್ಕೆ ವಾಕ್ಯ ಅನುವಾದಿಸಬೇಡಿ. ಭರಣಿ, ಮೃಗಶಿರಾಗಳನ್ನು ಅಲ್ಲಿ ತಿಂಗಳ ಹೆಸರಿನಲ್ಲಿ ಹೇಳಬೇಕಾದೀತು, ಸಿಮೆಂಟ್ ಮೂಟೆ ಎರಡೂ ಕಡೆ ನಡೆಯುತ್ತದೆ.

ಟೆರೇಸಿನ ಬರಹವನ್ನು ಮೊದಲನೆಯದಾಗಿ ಕೈಗೆತ್ತಿಕೊಳ್ಳಿ, ಬೇಸರಗೊಂಡ ಆ ಗ್ರಾಹಕರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಬೇರೆ ಯಾರಿಗೂ ಕಳುಹಿಸುವ ಮೊದಲು ಅವರಿಗೇ ಒಮ್ಮೆ ತೋರಿಸಿ. ಅವರು ಏನೆನ್ನುತ್ತಾರೋ, ಅದನ್ನು ಬರಹದ ಕೊನೆಯ ಸಾಲಾಗಿಸಬಹುದೇ ಎಂದು ಅವರನ್ನೇ ಕೇಳಿ.